ಕುಟ್ಟುವವನೋ, ಮಾಡುವವನೋ? ‘ಸ್ಮಿಥ್’ ಪದದ ನಿಷ್ಪತ್ತಿವಿವರಣೆಗಳ ಒಂದು ವಿಮರ್ಶೆ

ಸಾರಾಂಶ

ಇಂಗ್ಲಿಷಿನ ‘ಸ್ಮಿಥ್’ ಎಂಬ ಪದವು ‘ಹೊಡೆ’ ಎಂಬ ಅರ್ಥದ ‘ಸ್ಮೈಟ್’ ಕ್ರಿಯಾಪದದಿಂದ ಬಂದಿದೆ ಎಂಬ ವಿವರಣೆ ಬಹಳ ಪ್ರಚಾರದಲ್ಲಿದೆ. ಪ್ರಸ್ತುತ ಲೇಖನವು ಧ್ವನಿನಿಯಮ, ಪ್ರಾಚೀನ ಪ್ರಯೋಗ ಮತ್ತು ಜ್ಞಾತಿಭಾಷೆಗಳ ಸಾಕ್ಷ್ಯಗಳ ನೆಲೆಯಲ್ಲಿ ಈ ವಿವರಣೆಯನ್ನು ನಿರಾಕರಿಸುತ್ತದೆ. ಇದರೊಂದಿಗೆ, ‘ಸ್ಮಿಥ್’ ಮೂಲತಃ ಲೋಹಕಾರ ಮಾತ್ರ, ಉಳಿದ ಪ್ರಯೋಗಗಳೆಲ್ಲ ರೂಪಕಗಳು ಎಂಬ ಗ್ರಹಿಕೆಯನ್ನೂ ಪ್ರಶ್ನಿಸುತ್ತದೆ. ಕೊನೆಯಲ್ಲಿ ಕನ್ನಡದ ‘ಕಮ್ಮಾರ’ ಪದವನ್ನು ಹೋಲಿಕೆಗೆ ತೆಗೆದುಕೊಂಡು, ನಿಷ್ಪತ್ತಿಶೋಧದಲ್ಲಿ ಧ್ವನಿ, ಅರ್ಥ ಮತ್ತು ಕಾಲ ಈ ಮೂರರಲ್ಲಿ ಯಾವುದೊಂದೂ ಏಕಾಂಗಿಯಾಗಿ ಪ್ರಮಾಣವಾಗಲಾರದೆಂದು ವಾದಿಸುತ್ತದೆ.

1. ಪೀಠಿಕೆ

ಅಮೆರಿಕದ 2010ರ ಜನಗಣತಿಯಲ್ಲಿ ‘ಸ್ಮಿಥ್’ ಎಂಬ ಕುಲನಾಮವನ್ನು ಹೊಂದಿದವರ ಸಂಖ್ಯೆ 24 ಲಕ್ಷವನ್ನು ಮೀರಿತ್ತು. ಆ ದೇಶದಲ್ಲಿ ಅದೇ ಅತ್ಯಂತ ಸಾಮಾನ್ಯವಾದ ಕುಲನಾಮ. ಇಂಗ್ಲೆಂಡಿನಲ್ಲಿಯೂ ಅದಕ್ಕೆ ಮೊದಲ ಸ್ಥಾನವಿದೆ. ಇಷ್ಟು ಪರಿಚಿತವಾದ ಪದದ ಮೂಲವನ್ನು ವಿವರಿಸುವ ಉತ್ಸಾಹ ಪಂಡಿತರಿಗೂ ಪಾಮರರಿಗೂ ಸಮಾನವಾಗಿದ್ದರೆ ಆಶ್ಚರ್ಯವಿಲ್ಲ. ಹಾಗೆ ಕೊಡಲಾಗುವ ವಿವರಣೆಗಳಲ್ಲಿ ಹೆಚ್ಚು ಆಕರ್ಷಕವಾದುದು ‘ಸ್ಮೈಟ್’ ಸಂಬಂಧದ್ದು. ಕಮ್ಮಾರ ಸುತ್ತಿಗೆಯಿಂದ ಹೊಡೆಯುತ್ತಾನೆ. ‘ಸ್ಮೈಟ್’ ಎಂದರೆ ಹೊಡೆ. ಆದ್ದರಿಂದ ‘ಸ್ಮಿಥ್’ ಎಂದರೆ ಹೊಡೆಯುವವನು. ಮೂರೇ ಹೆಜ್ಜೆಗಳಲ್ಲಿ ಮುಗಿಯುವ ಈ ತರ್ಕವನ್ನು ನಾವು ಕೂಡ ಒಂದು ಕಾಲದಲ್ಲಿ ತರಗತಿಯಲ್ಲಿ ಉದಾಹರಣೆಯಾಗಿ ಹೇಳಿದ್ದೆವು ಎಂಬುದನ್ನು ಆರಂಭದಲ್ಲಿಯೇ ಒಪ್ಪಿಕೊಳ್ಳಬೇಕು.

ಈ ತಪ್ಪು ಕೇವಲ ಪದಕೋಶದ ಒಂದು ನಮೂದಿಗೆ ಸಂಬಂಧಿಸಿದ್ದಲ್ಲ. ಈ ವಿವರಣೆ ಒಬ್ಬ ಕುಶಲಕರ್ಮಿಯನ್ನು ಅವನ ಕೆಲಸದ ಸದ್ದಿಗೆ ಇಳಿಸುತ್ತದೆ. ‘ಮಾಡುವವನು’ ಎಂಬ ಅರ್ಥವನ್ನು ಬದಿಗೊತ್ತಿ ‘ಕುಟ್ಟುವವನು’ ಎಂಬ ಚಿತ್ರವನ್ನು ಅದರ ಜಾಗದಲ್ಲಿ ಕೂರಿಸುತ್ತದೆ. ವಿಧಾನದ ದೃಷ್ಟಿಯಿಂದ ನೋಡಿದರೆ, ಅರ್ಥಸಾಮ್ಯವೊಂದನ್ನೇ ಪ್ರಮಾಣವೆಂದು ಸ್ವೀಕರಿಸುವ ರೂಢಿಗೆ ಅದು ಕುಮ್ಮಕ್ಕು ಕೊಡುತ್ತದೆ. ಆದ್ದರಿಂದ ಇದರ ಪರೀಕ್ಷೆ ಅಗತ್ಯ.

ಲಿಪ್ಯಂತರದ ಬಗ್ಗೆ ಒಂದು ಮಾತು. ಇಂಗ್ಲಿಷಿನ ಅಘೋಷ ದಂತ್ಯ ಘರ್ಷಧ್ವನಿಗೆ ಕನ್ನಡದಲ್ಲಿ ಪ್ರತ್ಯೇಕ ಅಕ್ಷರವಿಲ್ಲ. ಈ ಲೇಖನದಲ್ಲಿ ಆ ಧ್ವನಿಗೆ ‘ಥ’ವನ್ನೂ ಜರ್ಮಾನಿಕ್ ಭಾಷೆಗಳ ಅಘೋಷ ಸ್ಪರ್ಶಕ್ಕೆ ರೂಢಿಯಂತೆ ‘ಟ’ವನ್ನೂ ಬಳಸಿದ್ದೇವೆ. ಪುನಾರಚಿತ ರೂಪಗಳ ಮುಂದೆ ನಕ್ಷತ್ರಚಿಹ್ನೆ ಇದೆ.

2. ಧ್ವನಿಯ ಸಾಕ್ಷ್ಯ

‘ಸ್ಮಿಥ್’ ಪದದ ಹಳೆಯ ಇಂಗ್ಲಿಷ್ ರೂಪ ‘ಸ್ಮಿಥ್’ ಎಂಬುದೇ. ಜರ್ಮನ್ನಿನ ‘ಷ್ಮೀಡ್’, ಡಚ್ಚಿನ ‘ಸ್ಮಿಡ್’, ಸ್ವೀಡಿಷಿನ ‘ಸ್ಮೇಡ್’, ಪ್ರಾಚೀನ ನಾರ್ಸಿನ ‘ಸ್ಮಿಥ್ರ್’ ಇವು ಅದರ ಜ್ಞಾತಿಪದಗಳು. ಇವೆಲ್ಲವೂ *‘ಸ್ಮಿಥಜ಼್’ ಎಂಬ ಮೂಲ ಜರ್ಮಾನಿಕ್ ರೂಪವನ್ನು ಸೂಚಿಸುತ್ತವೆ. ‘ಸ್ಮೈಟ್’ ಕ್ರಿಯಾಪದದ ಹಳೆಯ ಇಂಗ್ಲಿಷ್ ರೂಪವಾದರೋ ‘ಸ್ಮೀಟನ್’. ಅದರ ಜರ್ಮನ್ ಜ್ಞಾತಿ ‘ಎಸೆ’ ಎಂಬರ್ಥದ ‘ಷ್ಮೈಸನ್’.

ಇವೆರಡರ ನಡುವಣ ಸ್ವರಭೇದ ಅಷ್ಟೇನೂ ದೊಡ್ಡ ಅಡ್ಡಿಯಲ್ಲ. ಒಂದೇ ಧಾತುವಿನಲ್ಲಿ ಹ್ರಸ್ವ ‘ಇ’ ಮತ್ತು ದೀರ್ಘ ‘ಈ’ ಪರ್ಯಾಯವಾಗಿ ಬರುವುದು ಜರ್ಮಾನಿಕ್ ಸ್ವರಶ್ರೇಣಿಯಲ್ಲಿ ಸಾಮಾನ್ಯ. ‘ಬೈಟ್’ ಮತ್ತು ‘ಬಿಟ್’ ರೂಪಗಳು ಇದಕ್ಕೆ ನಿದರ್ಶನ. ಈ ತೋರಿಕೆಯ ಸಾಧ್ಯತೆಯೇ ಅನೇಕರನ್ನು ದಾರಿ ತಪ್ಪಿಸಿದೆ. ನಿಜವಾದ ಅಡ್ಡಿ ಇರುವುದು ಕೊನೆಯ ವ್ಯಂಜನದಲ್ಲಿ.

ರಾಸ್ಕ್ 1818ರಲ್ಲಿ ಗುರುತಿಸಿ, ಯಾಕೊಬ್ ಗ್ರಿಮ್ 1822ರಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದ ವ್ಯಂಜನಪಲ್ಲಟದ ಪ್ರಕಾರ ಮೂಲ ಇಂಡೋ-ಯುರೋಪಿಯನ್ ‘ತ’ ಜರ್ಮಾನಿಕ್ಕಿನಲ್ಲಿ ‘ಥ’ ಆಗುತ್ತದೆ. ‘ದ’ವು ‘ಟ’ ಆಗುತ್ತದೆ. ಸಂಸ್ಕೃತದ ‘ತ್ರಿ’ಗೆ ಇಂಗ್ಲಿಷಿನಲ್ಲಿ ‘ಥ್ರೀ’, ‘ದಶ’ಕ್ಕೆ ‘ಟೆನ್’ ಸಂವಾದಿಯಾಗಿರುವುದು ಇದರಿಂದಲೇ. ‘ದಂತ’ ಮತ್ತು ‘ಟೂಥ್’ ಜೋಡಿಯಲ್ಲಿ ಎರಡೂ ಪರಿವರ್ತನೆಗಳನ್ನು ಒಂದೇ ಪದದಲ್ಲಿ ಕಾಣಬಹುದು: ಆರಂಭದ ‘ದ’ವು ‘ಟ’ ಆಗಿದೆ, ಕೊನೆಯ ‘ತ’ವು ‘ಥ’ ಆಗಿದೆ. ವರ್ನರ್ ನಂತರ ವಿವರಿಸಿದ ಸ್ವರಾಘಾತಾಧೀನ ಪರಿವರ್ತನೆಯೂ ಮೂಲ ‘ತ’ಕಾರದಿಂದ ಘೋಷಧ್ವನಿಯನ್ನು ಕೊಡುತ್ತದೆಯೇ ಹೊರತು ‘ಟ’ವನ್ನು ಕೊಡುವುದಿಲ್ಲ. ಸಕಾರದಂತಹ ಅಘೋಷ ವ್ಯಂಜನದ ಬೆನ್ನಿಗೆ ಬಂದಾಗ ಮಾತ್ರ ಮೂಲ ‘ತ’ ಬದಲಾಗದೆ ಉಳಿಯುತ್ತದೆ. ನಮ್ಮ ಪದಗಳಲ್ಲಿ ಅಂತಹ ಸನ್ನಿವೇಶವಿಲ್ಲ.

ಆದ್ದರಿಂದ ‘ಸ್ಮಿಥ್’ ಪದದ ಅಂತ್ಯದಲ್ಲಿ ಮೂಲ ‘ತ’ವನ್ನೂ ‘ಸ್ಮೈಟ್’ ಪದದ ಅಂತ್ಯದಲ್ಲಿ ಮೂಲ ‘ದ’ವನ್ನೂ ಊಹಿಸಬೇಕಾಗುತ್ತದೆ. ಒಂದರಿಂದ ಇನ್ನೊಂದನ್ನು ಸಾಧಿಸಲು ಯಾವ ನಿಯಮವೂ ಇಲ್ಲ. ಒಂದೇ ಧಾತುವಿಗೆ ಬೇರೆ ಬೇರೆ ವ್ಯಂಜನಗಳು ಸೇರಿ ಎರಡೂ ಬೆಳೆದಿರಬಹುದಲ್ಲವೇ ಎಂಬ ಆಕ್ಷೇಪವನ್ನು ಎತ್ತಬಹುದು. ಅದನ್ನು ಒಪ್ಪಿದರೂ ಸಿಗುವುದು ದೂರದ ಜ್ಞಾತಿತ್ವ ಮಾತ್ರ. ‘ಹೊಡೆಯುವುದರಿಂದ ಸ್ಮಿಥ್ ಎಂದಾಯಿತು’ ಎಂಬ ವಾದ ಆಗಲೂ ನಿಲ್ಲುವುದಿಲ್ಲ. ಏಕೆಂದರೆ, ಮುಂದೆ ತೋರಿಸುವಂತೆ, ಆ ಕ್ರಿಯಾಪದಕ್ಕೆ ಮೊದಲು ‘ಹೊಡೆ’ ಎಂಬ ಅರ್ಥವೇ ಇರಲಿಲ್ಲ.

3. ಪ್ರಯೋಗದ ಸಾಕ್ಷ್ಯ

ಹಳೆಯ ಇಂಗ್ಲಿಷಿನ ‘ಸ್ಮೀಟನ್’ ಕ್ರಿಯಾಪದಕ್ಕಿದ್ದ ಅರ್ಥ ಬಳಿ, ಸವರು, ಮಲಿನಗೊಳಿಸು ಎಂಬುದು. ‘ಹೊಡೆ’ ಎಂಬ ಅರ್ಥ ಬೆಳೆದದ್ದು ಮಧ್ಯಕಾಲೀನ ಇಂಗ್ಲಿಷಿನಲ್ಲಿ. ಆ ವೇಳೆಗೆ ‘ಸ್ಮಿಥ್’ ಎಂಬ ನಾಮಪದಕ್ಕೆ ಹಲವು ಶತಮಾನಗಳ ಲಿಖಿತ ಇತಿಹಾಸವಿತ್ತು. ಮಗನು ತಂದೆಗಿಂತ ಮೊದಲು ಹುಟ್ಟಿದನೆಂದು ಹೇಳಿದಂತಾಗುತ್ತದೆ ಈ ನಿಷ್ಪತ್ತಿ.

ಇದಕ್ಕಿಂತ ನಿರ್ಣಾಯಕವಾದ ಸಾಕ್ಷ್ಯ ಗಾಥಿಕ್ ಭಾಷೆಯಲ್ಲಿದೆ. 4ನೆಯ ಶತಮಾನದಲ್ಲಿ ವುಲ್ಫಿಲನ ಹೆಸರಿನೊಡನೆ ಬೆಸೆದುಕೊಂಡಿರುವ ಬೈಬಲ್ ಅನುವಾದದಲ್ಲಿ ಎರಡೂ ಪದಕುಟುಂಬಗಳು ಬಂದಿವೆ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಅಲೆಕ್ಸಾಂಡರನೆಂಬ ಕಂಚುಗಾರನನ್ನು ‘ಐಜ಼ಸ್ಮಿಥ’ ಎಂದು ಕರೆಯಲಾಗಿದೆ. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಯೇಸು ಕುರುಡನ ಕಣ್ಣುಗಳಿಗೆ ಕೆಸರನ್ನು ಸವರುವ ಪ್ರಸಂಗದಲ್ಲಿ ‘ಸ್ಮೀಟನ್’ ಕುಟುಂಬದ ಕ್ರಿಯಾಪದ ಬಳಕೆಯಾಗಿದೆ. ಒಂದೆಡೆ ‘ಥ’ಕಾರ, ಇನ್ನೊಂದೆಡೆ ‘ಟ’ಕಾರ, ಒಂದು ಕುಶಲಕರ್ಮಿಯ ಹೆಸರು, ಇನ್ನೊಂದು ಮೃದುವಾಗಿ ಸವರುವ ಕ್ರಿಯೆ. ಜರ್ಮಾನಿಕ್ ಭಾಷೆಗಳಲ್ಲಿ ನಮಗೆ ಉಳಿದುಬಂದಿರುವ ಅತಿ ಪ್ರಾಚೀನವಾದ ವಿಸ್ತೃತ ಪಠ್ಯದಲ್ಲಿಯೇ ಇವು ಧ್ವನಿಯಲ್ಲಿಯೂ ಅರ್ಥದಲ್ಲಿಯೂ ಬೇರೆಯಾಗಿವೆ.

ಅದೇ ಅನುವಾದದಲ್ಲಿ ಇನ್ನೊಂದು ಪ್ರಯೋಗ ಗಮನಾರ್ಹ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಏಳನೆಯ ಅಧ್ಯಾಯದಲ್ಲಿ ಲೌಕಿಕ ದುಃಖವು ಮರಣಕ್ಕೆ ಕಾರಣವಾಗುತ್ತದೆ ಎಂಬ ಅಭಿಪ್ರಾಯ ಬರುತ್ತದೆ. ಅಲ್ಲಿ ‘ಉಂಟುಮಾಡು’ ಎಂಬ ಅರ್ಥಕ್ಕೆ ಅನುವಾದಕನು ಆರಿಸಿಕೊಂಡ ಪದ ‘ಗಸ್ಮಿಥೋನ್’ ಎಂಬ ಕ್ರಿಯಾಪದ. ಅಲ್ಲಿ ಲೋಹವಿಲ್ಲ, ಕುಲುಮೆಯಿಲ್ಲ, ಸುತ್ತಿಗೆಯಿಲ್ಲ. ಮಾಡುವುದು, ಸಂಭವಿಸುವಂತೆ ಮಾಡುವುದು ಮಾತ್ರ ಇದೆ. ಇದನ್ನು ರೂಪಕವೆಂದು ಓದುವುದು ಅಸಾಧ್ಯವಲ್ಲ. ಆದರೆ ಹಾಗೆ ಓದಬೇಕಾದರೆ ಲೋಹಕಾರ್ಯವೇ ಮೂಲಾರ್ಥವೆಂದು ಮೊದಲು ಸಿದ್ಧಪಡಿಸಬೇಕು.

4. ‘ಲೋಹವೇ ಮೂಲ’ ಎಂಬ ಗ್ರಹಿಕೆ

‘ಸ್ಮೈಟ್’ ಸಂಬಂಧವನ್ನು ಕೈಬಿಟ್ಟವರಲ್ಲಿಯೂ ಒಂದು ಗ್ರಹಿಕೆ ಉಳಿದುಬಿಡುತ್ತದೆ. ‘ಸ್ಮಿಥ್’ ಮೊದಲು ಲೋಹಕಾರನಾಗಿದ್ದ, ಅನಂತರ ‘ವರ್ಡ್‌ಸ್ಮಿಥ್’ ಮುಂತಾದ ಪದಗಳಲ್ಲಿ ಅರ್ಥ ವಿಸ್ತಾರಗೊಂಡಿತು ಎಂಬುದೇ ಆ ಗ್ರಹಿಕೆ. ಇಂದಿನ ಇಂಗ್ಲಿಷನ್ನು ಮಾತ್ರ ನೋಡಿದರೆ ಇದು ಸಹಜವೆನಿಸುತ್ತದೆ. ಹಳೆಯ ಸಾಕ್ಷ್ಯಗಳು ಬೇರೊಂದು ದಿಕ್ಕನ್ನು ತೋರಿಸುತ್ತವೆ.

ಪ್ರಾಚೀನ ನಾರ್ಸಿನಲ್ಲಿ ‘ಸ್ಮಿಥ್ರ್’ ಎಂಬುದು ಮರದಲ್ಲಾಗಲಿ ಲೋಹದಲ್ಲಾಗಲಿ ಕೆಲಸ ಮಾಡುವ ಕುಶಲಕರ್ಮಿಗೆ ಸಲ್ಲುತ್ತಿತ್ತು. ‘ಹಾವಮಾಲ್’ ಎಂಬ ನೀತಿಕಾವ್ಯದಲ್ಲಿ ಪಾದರಕ್ಷೆ ಮಾಡುವವನಿಗೂ ಆಯುಧದ ಹಿಡಿಕೋಲು ಮಾಡುವವನಿಗೂ ಇದೇ ಉತ್ತರಪದ ಬಂದಿದೆ. ಇಂದಿನ ಐಸ್‌ಲ್ಯಾಂಡಿಕ್ಕಿನಲ್ಲಿ ವಿಶೇಷಣವಿಲ್ಲದ ‘ಸ್ಮಿದುರ್’ ಎಂದರೆ ಬಹುಮಟ್ಟಿಗೆ ಬಡಗಿ. ಕಮ್ಮಾರನನ್ನು ಹೇಳಲು ‘ಕಬ್ಬಿಣ’ ಎಂಬ ಪೂರ್ವಪದ ಸೇರಬೇಕು. ಚಮ್ಮಾರನೂ ಕುಂಬಾರನೂ ಅಲ್ಲಿ ತಮ್ಮ ತಮ್ಮ ಪೂರ್ವಪದಗಳೊಡನೆ ‘ಸ್ಮಿದುರ್’ ಎನಿಸಿಕೊಳ್ಳುತ್ತಾರೆ. ಕುಂಬಾರನ ಕೆಲಸದಲ್ಲಿ ಲೋಹದ ಪ್ರಸಂಗವೇ ಇಲ್ಲವೆಂಬುದನ್ನು ಗಮನಿಸಬೇಕು.

ಹಳೆಯ ಇಂಗ್ಲಿಷ್ ಕಾವ್ಯವೂ ಈ ದಿಕ್ಕಿನಲ್ಲಿ ಮಾತನಾಡುತ್ತದೆ. 937ರ ಬ್ರುನನ್‌ಬರ್ಗ್ ಯುದ್ಧವನ್ನು ಕುರಿತ ಕಾವ್ಯದಲ್ಲಿ ಯೋಧರು ‘ಯುದ್ಧಸ್ಮಿಥ’ರಾಗಿದ್ದಾರೆ. ಬೋಧಕನಿಗೆ ‘ಲಾರ್‌ಸ್ಮಿಥ್’ ಅಂದರೆ ‘ವಿದ್ಯಾಸ್ಮಿಥ’ ಎಂಬ ಪದವಿತ್ತು. ನಗೆಯನ್ನು ಉಂಟುಮಾಡುವವರಿಗೂ ಇಂತಹದೇ ಒಂದು ಸಮಾಸವಿತ್ತು. ಇವುಗಳಲ್ಲಿ ಕೆಲವು ಕವಿಗಳ ಸ್ವಂತ ಸೃಷ್ಟಿಯಾಗಿರಬಹುದು. ಆದರೂ ಕೇಳುಗನಿಗೆ ಅವು ತಿಳಿಯಬೇಕಾದರೆ ಉತ್ತರಪದದಲ್ಲಿ ‘ಮಾಡುವವನು, ಉಂಟುಮಾಡುವವನು’ ಎಂಬ ಅರ್ಥ ಜೀವಂತವಾಗಿರಲೇಬೇಕು.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಹಳೆಯ ‘ವಿದ್ಯಾಸ್ಮಿಥ’ನಿಂದ ಇಂದಿನ ‘ವರ್ಡ್‌ಸ್ಮಿಥ್’ವರೆಗೆ ಅಖಂಡವಾದ ಪರಂಪರೆಯಿದೆಯೆಂದು ಹೇಳುವುದು ಮತ್ತೊಂದು ತಪ್ಪಾಗುತ್ತದೆ. ಆಧುನಿಕ ಪದ ಅರ್ಥಸಂಕೋಚ ಮುಗಿದ ಎಷ್ಟೋ ಕಾಲದ ಮೇಲೆ ಹೊಸದಾಗಿ ರಚಿತವಾದುದು. ಅದನ್ನು ರಚಿಸಿದವರ ಮನಸ್ಸಿನಲ್ಲಿ ಅಡಿಗಲ್ಲು, ಸುತ್ತಿಗೆ, ಕಾದ ಕಬ್ಬಿಣಗಳ ಚಿತ್ರವೇ ಇದೆ. ಅದು ನಿಜವಾಗಿಯೂ ರೂಪಕ. ಒಂದೇ ಬಗೆಯ ಸಮಾಸ ಎರಡು ಕಾಲಗಳಲ್ಲಿ ಕಾಣಿಸಿಕೊಂಡ ಮಾತ್ರಕ್ಕೆ ಅವುಗಳ ನಡುವೆ ಸಾತತ್ಯವಿದೆಯೆಂದಾಗುವುದಿಲ್ಲ.

5. ಅರ್ಥಸಂಕೋಚದ ದಾರಿ

ಸಾಮಾನ್ಯ ‘ಕರ್ತೃ’ ಲೋಹಕಾರನಾದದ್ದು ಹೇಗೆ? ಇದಕ್ಕೆ ಪದವನ್ನು ಒಂಟಿಯಾಗಿ ನೋಡದೆ ಅದರ ನೆರೆಹೊರೆಯ ಪದಗಳೊಡನೆ ನೋಡಬೇಕು. ಹಳೆಯ ಇಂಗ್ಲಿಷಿನಲ್ಲಿ ಮಾಡುವವನನ್ನು ಸೂಚಿಸುವ ಇನ್ನೊಂದು ಸಾಮಾನ್ಯಪದವಿತ್ತು: ‘ವಿರ್ಹ್ತ’. ‘ವರ್ಕ್’ ಕ್ರಿಯಾಪದದ ಕುಟುಂಬಕ್ಕೆ ಸೇರಿದ ಇದು ವರ್ಣವ್ಯತ್ಯಯಕ್ಕೊಳಗಾಗಿ ಇಂದು ‘ರೈಟ್’ ಎಂಬ ಉಚ್ಚಾರಣೆಯೊಡನೆ ‘ಶಿಪ್‌ರೈಟ್’, ‘ವೀಲ್‌ರೈಟ್’, ‘ಪ್ಲೇರೈಟ್’ ಸಮಾಸಗಳಲ್ಲಿ ಉಳಿದಿದೆ. ನಾಟಕಕಾರನನ್ನು ಹೇಳುವ ‘ಪ್ಲೇರೈಟ್’ ಪದಕ್ಕೂ ಬರೆಯುವ ಕ್ರಿಯೆಗೂ ನಿಷ್ಪತ್ತಿಯ ಸಂಬಂಧವಿಲ್ಲ. ಅವನು ಹಡಗು ಕಟ್ಟುವವನಂತೆ ನಾಟಕ ಕಟ್ಟುವವನು. ಉಚ್ಚಾರಣೆಯ ಸಾಮ್ಯದಿಂದ ಇಲ್ಲಿಯೂ ‘ಬರೆಯುವವನು’ ಎಂಬ ಜನಪದ ನಿರುಕ್ತಿ ಹುಟ್ಟಿಕೊಂಡಿದೆ.

ಎಲ್ಫ್ರಿಕ್ ಸುಮಾರು ಕ್ರಿ.ಶ. 1000ದಲ್ಲಿ ಮಠದ ಬಾಲಕರಿಗೆ ಲ್ಯಾಟಿನ್ ಕಲಿಸಲೆಂದು ರಚಿಸಿದ ಸಂವಾದಪಾಠ ಈ ಎರಡು ಪದಗಳ ಹಂಚಿಕೆಯನ್ನು ಸ್ಪಷ್ಟಪಡಿಸುತ್ತದೆ. ಅದರ ಒಂದು ಹಸ್ತಪ್ರತಿಯಲ್ಲಿ ಲ್ಯಾಟಿನ್ ಸಾಲುಗಳ ನಡುವೆ ಹಳೆಯ ಇಂಗ್ಲಿಷಿನ ಟಿಪ್ಪಣಿಗಳಿವೆ. ಅಲ್ಲಿ ಕಬ್ಬಿಣ, ಚಿನ್ನ, ಬೆಳ್ಳಿ ಮತ್ತು ತಾಮ್ರದ ಕೆಲಸಗಾರರೆಲ್ಲರೂ ಒಂದೊಂದು ಬಗೆಯ ‘ಸ್ಮಿಥ’ರು, ಮರದ ಕೆಲಸಗಾರ ಮಾತ್ರ ‘ವಿರ್ಹ್ತ’. ಎಂದರೆ, ಲೋಹ ಒಂದು ಪದದ ಪಾಲಿಗೂ ಮರ ಇನ್ನೊಂದರ ಪಾಲಿಗೂ ಆಗಲೇ ಬಂದಿದ್ದವು. ಅನಂತರ ಫ್ರೆಂಚಿನ ಮೂಲಕ ಬಂದ ‘ಕಾರ್ಪೆಂಟರ್’ ಮರದ ಕ್ಷೇತ್ರವನ್ನು ವಶಪಡಿಸಿಕೊಂಡಿತು. ‘ರೈಟ್’ ಸ್ವತಂತ್ರ ಪದವಾಗಿ ಕ್ಷೀಣಿಸಿತು. ‘ಸ್ಮಿಥ್’ ಲೋಹಕ್ಕೆ ಅಂಟಿಕೊಂಡು ಉಳಿಯಿತು.

ಇದೇ ಸಂವಾದಪಾಠದಲ್ಲಿ ನಮ್ಮ ವಾದಕ್ಕೆ ನೇರವಾಗಿ ಸಂಬಂಧಿಸಿದ ಒಂದು ಪ್ರಸಂಗವಿದೆ. ಯಾವ ವೃತ್ತಿ ಶ್ರೇಷ್ಠವೆಂಬ ಚರ್ಚೆಯಲ್ಲಿ ಸ್ಮಿಥನು, ತನ್ನ ಕೌಶಲವಿಲ್ಲದಿದ್ದರೆ ಉಳುವವನಿಗೆ ನೇಗಿಲ ಗುಳ ಎಲ್ಲಿಯದು, ಮೀನುಗಾರನಿಗೆ ಗಾಳ ಎಲ್ಲಿಯದು, ಹೊಲಿಯುವವನಿಗೆ ಸೂಜಿ ಎಲ್ಲಿಯದು ಎಂದು ಕೇಳುತ್ತಾನೆ. ಅದಕ್ಕೆ ಎದುರಾಳಿಯ ಉತ್ತರ: ನಿನ್ನ ಕುಲುಮೆಯಿಂದ ನಮಗೆ ಸಿಗುವುದು ಕಿಡಿಗಳು, ಸುತ್ತಿಗೆಯ ಬಡಿತ ಮತ್ತು ತಿದಿಯ ಊದು ಇಷ್ಟೇ ಅಲ್ಲವೇ? ಸ್ಮಿಥನು ತಾನು ಮಾಡಿದ ವಸ್ತುಗಳನ್ನು ಎಣಿಸುತ್ತಾನೆ. ಎದುರಾಳಿ ಅವನ ಬಡಿತದ ಸದ್ದನ್ನು ಎಣಿಸುತ್ತಾನೆ. ‘ಹೊಡೆಯುವವನು’ ಎಂಬ ನಿಷ್ಪತ್ತಿ ತನಗರಿವಿಲ್ಲದೆ ಈ ಎದುರಾಳಿಯ ಮಾತನ್ನೇ ಶಾಸ್ತ್ರದ ಭಾಷೆಯಲ್ಲಿ ಪುನರುಚ್ಚರಿಸುತ್ತದೆ.

ಇಂತಹ ಸಂಕೋಚ ಜರ್ಮಾನಿಕ್ಕಿಗೆ ಸೀಮಿತವಲ್ಲ. ಲ್ಯಾಟಿನ್ನಿನ ‘ಫಾಬರ್’ ಗಟ್ಟಿ ವಸ್ತುಗಳಲ್ಲಿ ಕೆಲಸ ಮಾಡುವ ಯಾವುದೇ ಕುಶಲಕರ್ಮಿ. ತೊಲೆಯ ಕೆಲಸದವನೂ ಫಾಬರನೇ. ಅದರಿಂದ ಬಂದ ಇಟಾಲಿಯನ್ನಿನ ‘ಫಾಬ್ರೊ’ ಇಂದು ಕಮ್ಮಾರ. ಫಾಬರನ ಕಾರ್ಯಶಾಲೆಯಾದ ‘ಫಾಬ್ರಿಕಾ’ ಒಂದು ದಾರಿಯಲ್ಲಿ ಸಾಗಿ ಕುಲುಮೆಯನ್ನು ಸೂಚಿಸುವ ‘ಫೋರ್ಜ್’ ಆಯಿತು, ಇನ್ನೊಂದು ದಾರಿಯಲ್ಲಿ ಬಟ್ಟೆಯನ್ನು ಸೂಚಿಸುವ ‘ಫ್ಯಾಬ್ರಿಕ್’ ಆಯಿತು. ಕುಲುಮೆಯೂ ಬಟ್ಟೆಯೂ ಒಂದೇ ‘ಮಾಡುವ’ ಮೂಲದಿಂದ ಬಂದಿರುವಾಗ, ಇಂದಿನ ವಸ್ತುವಿಶೇಷದಿಂದ ಮೂಲಾರ್ಥವನ್ನು ಊಹಿಸುವುದು ಎಷ್ಟು ಅಪಾಯಕಾರಿ ಎಂಬುದು ತಾನಾಗಿ ತಿಳಿಯುತ್ತದೆ.

6. ಧಾತುವಿನ ಪ್ರಶ್ನೆ

ಹಾಗಾದರೆ *‘ಸ್ಮಿಥಜ಼್’ ರೂಪದ ಹಿಂದೇನಿದೆ? ಕೋಶಗಳು ಸಾಮಾನ್ಯವಾಗಿ ‘ಚೂಪಾದ ಉಪಕರಣದಿಂದ ಕತ್ತರಿಸು, ಕೆತ್ತು’ ಎಂಬರ್ಥದ ಒಂದು ಇಂಡೋ-ಯುರೋಪಿಯನ್ ಧಾತುವನ್ನು ಸೂಚಿಸುತ್ತವೆ. ಚಾಕು ಅಥವಾ ಉಳಿಯನ್ನು ಹೇಳುವ ಗ್ರೀಕಿನ ‘ಸ್ಮೀಲೆ’ ಅದಕ್ಕೆ ಮುಖ್ಯ ಆಧಾರ. ಇದು ಧ್ವನಿನಿಯಮಕ್ಕೆ ವಿರೋಧವಲ್ಲ. ಮರ ಮತ್ತು ಲೋಹ ಎರಡನ್ನೂ ಒಳಗೊಳ್ಳುವ ಪ್ರಾಚೀನ ಅರ್ಥಕ್ಕೂ ಹೊಂದುತ್ತದೆ.

ಅರ್ಥಮಾರ್ಗಕ್ಕೆ ಸಮಾನಾಂತರವೂ ಉಂಟು. ಸಂಸ್ಕೃತದ ‘ತಕ್ಷ್’ ಧಾತು ಕೆತ್ತುವುದನ್ನೂ ರೂಪಿಸುವುದನ್ನೂ ಹೇಳುತ್ತದೆ. ‘ತಕ್ಷನ್’ ಎಂದರೆ ಬಡಗಿ. ಗ್ರೀಕಿನ ‘ತೆಕ್ತೋನ್’ ಅದರ ಜ್ಞಾತಿ. ಋಗ್ವೇದದ ಕವಿಗಳು ತಮ್ಮ ಸ್ತುತಿಯನ್ನು ರಥದಂತೆ ‘ತಕ್ಷಿಸಿದೆವು’ ಎಂದು ಹೇಳಿಕೊಳ್ಳುವುದು ಪ್ರಸಿದ್ಧ. ಕೆತ್ತುವುದರಿಂದ ಮಾಡುವುದಕ್ಕೆ, ಮಾಡುವುದರಿಂದ ಮಾತು ಕಟ್ಟುವುದಕ್ಕೆ ಸಾಗುವ ದಾರಿ ಹೊಸದಲ್ಲ.

ಆದರೂ ಈ ಎರಡು ಹಂತಗಳ ಪ್ರಮಾಣಬಲ ಒಂದೇ ಅಲ್ಲ. *‘ಸ್ಮಿಥಜ಼್’ ರೂಪ ಜರ್ಮಾನಿಕ್ಕಿನ ಎಲ್ಲ ಶಾಖೆಗಳ ಬೆಂಬಲದಿಂದ ನಿಂತಿದೆ. ಅದರ ಹಿಂದಿನ ಧಾತುವಾದರೋ ಮುಖ್ಯವಾಗಿ ಎರಡು ಭಾಷಾಶಾಖೆಗಳ ಕೆಲವೇ ಪದಗಳ ಮೇಲೆ ನಿಂತಿದೆ. ಮೊದಲನೆಯದು ಸಿದ್ಧಾಂತ, ಎರಡನೆಯದು ಸಂಭಾವ್ಯ ಊಹೆ. ‘ಸ್ಮಿಥ್ ಎಂದರೆ ಮೂಲತಃ ಕತ್ತರಿಸುವವನು’ ಎಂದು ಪಠ್ಯಪುಸ್ತಕದಲ್ಲಿ ಬರೆದರೆ, ‘ಹೊಡೆಯುವವನು’ ಎಂಬ ಹಳೆಯ ಘೋಷಣೆಯ ಸ್ಥಾನದಲ್ಲಿ ಹೊಸದೊಂದನ್ನು ಇಟ್ಟಂತಾಗುತ್ತದೆಯೇ ಹೊರತು ವಿಧಾನ ಸುಧಾರಿಸಿದಂತಾಗುವುದಿಲ್ಲ.

7. ಕನ್ನಡದ ‘ಕಮ್ಮಾರ’

ಇಲ್ಲಿಯವರೆಗಿನ ಚರ್ಚೆಯಲ್ಲಿ ಧ್ವನಿನಿಯಮವೇ ತೀರ್ಪುಗಾರನಾಗಿತ್ತು. ಧ್ವನಿನಿಯಮ ಅನುಮತಿಸಿದರೆ ಸಾಕೇ? ನಮ್ಮ ವಿದ್ಯಾರ್ಥಿಗಳಿಗೆ ಹತ್ತಿರದ ಒಂದು ಪದ ಇದಕ್ಕೆ ಉತ್ತರ ಕೊಡುತ್ತದೆ.

ಕನ್ನಡದ ‘ಕುಂಬಾರ’ವು ‘ಕುಂಭಕಾರ’ದಿಂದಲೂ ‘ಚಮ್ಮಾರ’ವು ‘ಚರ್ಮಕಾರ’ದಿಂದಲೂ ಬಂದಿವೆ. ಈ ಸಾಲನ್ನು ನೋಡಿದವರು ‘ಕಮ್ಮಾರ’ವನ್ನು ‘ಕರ್ಮಕಾರ’ದಿಂದ ಸಾಧಿಸಲು ಮುಂದಾಗುವುದು ಸಹಜ. ಸ್ವರಮಧ್ಯದ ಕಕಾರ ಪ್ರಾಕೃತದಲ್ಲಿ ಲೋಪವಾಗುತ್ತದೆ, ‘ರ್ಮ’ವು ‘ಮ್ಮ’ ಆಗುತ್ತದೆ, ಅರ್ಥವೂ ಹೊಂದುತ್ತದೆ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ತದ್ಭವಗಳಿಗೆ ನಿಯಮಗಳನ್ನು ಹೇಳಿದಂದಿನಿಂದ ಇಂತಹ ಸಾಧನೆಗೆ ನಾವು ಒಗ್ಗಿಕೊಂಡಿದ್ದೇವೆ.

ಆದರೆ ‘ಕರ್ಮಾರ’ ಎಂಬ ಪದ ಋಗ್ವೇದದಲ್ಲಿಯೇ ಇದೆ. ಹತ್ತನೆಯ ಮಂಡಲದ 72ನೆಯ ಸೂಕ್ತದಲ್ಲಿ ಬ್ರಹ್ಮಣಸ್ಪತಿಯು ದೇವತೆಗಳ ಹುಟ್ಟನ್ನು ಕರ್ಮಾರನಂತೆ ಊದಿ ರೂಪಿಸಿದನೆಂಬ ಹೋಲಿಕೆ ಬರುತ್ತದೆ. ಸ್ವರಮಧ್ಯದ ಕಕಾರ ಲೋಪಗೊಳ್ಳುವ ಪ್ರಾಕೃತ ಹಂತಕ್ಕಿಂತ ಇದು ಬಹಳ ಹಿಂದಿನದು. ಪಾಳಿಯಲ್ಲಿ ‘ಕಮ್ಮಾರ’ ಮತ್ತು ‘ಕಮ್ಮಕಾರ’ ಎರಡೂ ಇವೆ, ಬೇರೆ ಬೇರೆ ಅರ್ಥಗಳಲ್ಲಿ. ಮೊದಲನೆಯದು ಲೋಹದ ಕುಶಲಕರ್ಮಿ. ಬುದ್ಧನಿಗೆ ಕೊನೆಯ ಭಿಕ್ಷೆ ನೀಡಿದ ಚುಂದನು ‘ಕಮ್ಮಾರಪುತ್ತ’. ಎರಡನೆಯದು ಕೂಲಿಯಾಳು. ಕನ್ನಡದ ‘ಕಮ್ಮಾರ’ ಇವುಗಳಲ್ಲಿ ಮೊದಲನೆಯದರ ವಂಶದ್ದು.

ಎರಡು ಪ್ರಕರಣಗಳ ವ್ಯತ್ಯಾಸ ಇಲ್ಲಿದೆ. ‘ಸ್ಮಿಥ್’ ವಿಷಯದಲ್ಲಿ ಅರ್ಥ ಒಪ್ಪುತ್ತದೆ, ಧ್ವನಿ ಒಪ್ಪುವುದಿಲ್ಲ. ‘ಕಮ್ಮಾರ’ನ ವಿಷಯದಲ್ಲಿ ಅರ್ಥವೂ ಧ್ವನಿಯೂ ಒಪ್ಪುತ್ತವೆ, ಕಾಲ ಒಪ್ಪುವುದಿಲ್ಲ. ಎರಡೂ ಕಡೆ ತಪ್ಪು ನಿಷ್ಪತ್ತಿಯ ಪರಿಣಾಮ ಮಾತ್ರ ಒಂದೇ: ಅಲ್ಲಿ ಮಾಡುವವನು ಹೊಡೆಯುವವನಾಗುತ್ತಾನೆ, ಇಲ್ಲಿ ಪಾಳಿ ಭಾಷೆ ಕಾಪಾಡಿಕೊಂಡಿದ್ದ ಕುಶಲಕರ್ಮಿ ಮತ್ತು ಕೂಲಿಯಾಳುಗಳ ಭೇದ ಅಳಿಸಿಹೋಗುತ್ತದೆ.

8. ಸಮಾರೋಪ

ಇಷ್ಟರಿಂದ ಸ್ಮಿಥನಿಗಾಗಲಿ ಕಮ್ಮಾರನಿಗಾಗಲಿ ನಿಷ್ಪತ್ತಿಶಾಸ್ತ್ರ ಹೊಸ ಘನತೆಯನ್ನು ತಂದುಕೊಟ್ಟಿತೆಂದು ನಾವು ಹೇಳುತ್ತಿಲ್ಲ. ಪದದ ಮೂಲ ಯಾರ ಯೋಗ್ಯತೆಯನ್ನೂ ಏರಿಸುವುದಿಲ್ಲ, ಇಳಿಸುವುದೂ ಇಲ್ಲ. ವೃತ್ತಿನಾಮಗಳು ಜಾತಿನಾಮಗಳೂ ಆಗಿರುವ ನಮ್ಮ ಸಮಾಜದಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಶಾಸ್ತ್ರದ ಹೊಣೆ ಇದಕ್ಕಿಂತ ಚಿಕ್ಕದು, ಆದರೆ ಖಚಿತವಾದುದು: ಸುಳ್ಳು ಮೂಲವೊಂದು ಯಾರನ್ನಾದರೂ ಅಳೆಯುವ ಮಾನದಂಡವಾಗದಂತೆ ನೋಡಿಕೊಳ್ಳುವುದು.

ತರಗತಿಯಲ್ಲಿ ನಿಷ್ಪತ್ತಿಯೊಂದನ್ನು ಮುಂದಿಡುವಾಗ ಮೂರು ಪ್ರಶ್ನೆಗಳನ್ನು ಕೇಳುವುದು ಒಳಿತೆಂದು ನಮಗೆ ತೋರುತ್ತದೆ. ಪ್ರತಿಯೊಂದು ಧ್ವನಿಗೂ ನಿಯಮದ ಬೆಂಬಲವಿದೆಯೇ? ಆಧಾರವಾಗಿ ಹಿಡಿದ ಅರ್ಥ ಆ ಪದಕ್ಕೆ ಆ ಕಾಲದಲ್ಲಿ ಇತ್ತೇ? ಸಾಧಿತರೂಪ ಅದಕ್ಕೆ ಅಗತ್ಯವಾದ ಪರಿವರ್ತನೆಗಿಂತ ಹಿಂದೆಯೇ ದಾಖಲಾಗಿಲ್ಲವೇ? ಸ್ಮಿಥ್–ಸ್ಮೈಟ್ ಸಂಬಂಧ ಮೊದಲ ಎರಡರಲ್ಲಿ ಸೋಲುತ್ತದೆ. ಕರ್ಮಕಾರ–ಕಮ್ಮಾರ ಸಂಬಂಧ ಮೂರನೆಯದರಲ್ಲಿ ಸೋಲುತ್ತದೆ. ಈ ಪ್ರಶ್ನೆಗಳನ್ನು ಕೇಳದೆ ‘ಸ್ಮೈಟ್’ ಉದಾಹರಣೆಯನ್ನು ನಾವು ಹೇಳಿಕೊಟ್ಟ ತರಗತಿಗಳಿಗೆ ಈ ಲೇಖನ ತಡವಾಗಿ ಬಂದ ತಿದ್ದುಪಡಿಯೆಂದು ಭಾವಿಸಬೇಕು.